ಕೆಳಗಿದ್ದವರಿಗೆ ಮೊದಲ ಜಾಗ

ಮೊಮ್ಮಗಳು ರಜೆ ಮುಗಿಸಿ ಹೋಗಿ ಮೂರು ದಿನವಾಯಿತು, ಆದರೂ ನಮ್ಮ ಜಮಖಾನದಲ್ಲಿ ಇನ್ನೂ ಹೊಸ ಕೊಡೆಯ ವಾಸನೆ ಇದೆ. ಮಳೆಗಾಲದ ಮೊದಲು ಉಮರ್ಗಾದ ಬಜಾರಿನಲ್ಲಿ ಅಂಗಡಿಯವ ಕೊಡೆ ಬಿಚ್ಚಿ ತೋರಿಸುವಾಗ ಮೂಗಿಗೆ ಬರುತ್ತದಲ್ಲ, ಅದೇ ವಾಸನೆ. ಈ ಜಮಖಾನದ ಮೇಲೆ ಅವಳು ತನ್ನ ಪ್ಯಾರಾಶೂಟ್ ಹಾಸಿದ್ದಳು. ಜಮಖಾನವೊಂದೇ ಎಲ್ಲಿ ಸಾಕಾಗಬೇಕು, ಮನೆಯಲ್ಲಿದ್ದ ಎರಡು ಚಾಪೆ, ನನ್ನ ಕೌದಿ ಎಲ್ಲ ಹಾಸಿದರೂ ಅದರ ಅಂಚು ದನದ ಗೋದಲಿ ಮುಟ್ಟಿತ್ತು. ನಮ್ಮ ದೇವಣಿ ಆಕಳು ಕುತ್ತಿಗೆ ಚಾಚಿ ಮೂಸಿ ನೋಡಿ, ಸೀನಿ, ಮುಖ ತಿರುಗಿಸಿಕೊಂಡಿತು. ನಾನು ತಿರುಗಿಸಿಕೊಳ್ಳಲಿಲ್ಲ. ಒಬ್ಬಳೇ ಇದ್ದಾಗ ಈಗಲೂ ಜಮಖಾನದ ತುದಿಯನ್ನು ಮೂಗಿಗೆ ಹಿಡಿಯುತ್ತೇನೆ. ನಗಬೇಡಿ.

ಅವಳ ಹೆಸರು ಸುಪ್ರಿಯಾ, ನನ್ನ ದೊಡ್ಡ ಮಗನ ಮಗಳು. ವಿಮಾನದಿಂದ ಜಿಗಿಯುತ್ತಾಳೆ. ಕಾಲೇಜಿನಲ್ಲಿದ್ದಾಗ ಯಾವುದೋ ಶಿಬಿರಕ್ಕೆ ಹೋಗಿ ಕಲಿತಳು. ಈಗ ದೂರದ ಒಂದು ಹಳೆಯ ವಿಮಾನಪಟ್ಟಿಯಲ್ಲಿ ಹೊಸಬರಿಗೆ ತಾನೇ ಕಲಿಸುತ್ತಾಳೆ. ಅವಳು ಜಿಗಿಯುವ ವಿಡಿಯೋ ನನ್ನ ಮೊಬೈಲಿನಲ್ಲಿದೆ. ಡೇರಿಗೆ ಹಾಲು ಹಾಕುವಲ್ಲಿ ತೋರಿಸಿದ್ದೇನೆ, ನಿಲಂಗಾದ ಬಸ್ಸಿನ ಕಂಡಕ್ಟರನಿಗೆ ತೋರಿಸಿದ್ದೇನೆ. ಉದಗೀರಕ್ಕೆ ಕಣ್ಣು ತೋರಿಸಲು ಹೋದಾಗ, ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದು ಎಂದರು. ಅದು ಆಮೇಲೆ ಆಗಲಿ, ಮೊದಲು ನೀವು ಇದನ್ನು ನೋಡಿರಿ ಎಂದೆ. ಹೊರಗೆ ಸಾಲಿನಲ್ಲಿ ಕುಳಿತವರೂ ಎದ್ದು ಬಂದು ನೋಡಿದರು. ಸಂತೋಷ ತಡೆಯಲಾಗದ ಮುದುಕಿ ಊರಿಗೆಲ್ಲ ಕಾಟ, ನನಗೂ ಗೊತ್ತಿದೆ.

ನಾನು ಕಲಿತದ್ದು ನಾಲ್ಕನೆಯ ಇಯತ್ತೆ, ಅದೂ ಮರಾಠಿ ಶಾಲೆಯಲ್ಲಿ. ಕನ್ನಡದ ಅಕ್ಷರ ಮಠದ ಅಯ್ಯನವರು ಹಾಕಿಕೊಟ್ಟರು. ಈ ಬರಹವನ್ನು ತಿದ್ದಿದವರು ಅವರ ಮಗ. ತಪ್ಪೇನಾದರೂ ಉಳಿದಿದ್ದರೆ ಅದು ಅವರದೇ ಎಂದು ಬರೆಯಲಿದ್ದೆ, ಬರೆಯಲಿಲ್ಲ. ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ಚಟ ನನಗೆ ಹಳೆಯದು, ಅದನ್ನು ಹೇಳುವುದಕ್ಕೇ ಕುಳಿತಿದ್ದೇನೆ.

ಪ್ಯಾರಾಶೂಟಿನ ಹಗ್ಗಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ ನೋಡುತ್ತಿದ್ದ ಸುಪ್ರಿಯಾಳಿಗೆ ನಾನು ಸುಮ್ಮನೆ ಕೇಳಿದೆ, "ಇಷ್ಟು ಮಂದಿ ಮ್ಯಾಲಿಂದ ಬೀಳತೀರಿ. ಒಬ್ಬರ ಮ್ಯಾಲ ಒಬ್ಬರು ಬೀಳಂಗಿಲ್ಲೇನ?"

"ಆಕಾಶ ದೊಡ್ಡದು ಅದ ಆಜಿ. ಇಳಿಯೋ ಜಾಗಾ ಸಣ್ಣದು. ಹೆದರಿಕಿ ಇರೋದು ಅಲ್ಲೇ," ಎಂದು ಅವಳು ಅಡುಗೆಮನೆಯಿಂದ ನಾಲ್ಕು ವಾಟಿ, ಸಣ್ಣ ಬಟ್ಟಲು, ತಂದಳು. ಅವನ್ನು ಬಟ್ಟೆಯ ಮೇಲೆ ಬೋರಲು ಹಾಕಿ, ಒಂದೊಂದು ವಾಟಿ ಒಬ್ಬೊಬ್ಬ ಮನುಷ್ಯ ಎಂದಳು. "ಮೊದಲ ಇಳದವರು ಯಾವ ದಿಕ್ಕಿಗೆ ಇಳದಾರೋ ಹಿಂದಿನವರೂ ಅದೇ ದಿಕ್ಕಿಗೆ ಇಳೀಬೇಕು. ನಡುವ ಮನಸ್ಸು ಬದಲ ಮಾಡಿ ಅಡ್ಡ ಹೊಳ್ಳಂಗಿಲ್ಲ."

"ಗಾಳಿ ಬದಲಾತು ಅಂದ್ರ?"

"ಜರಾ ಬದಲಾದ್ರ ಇಳದ ಮ್ಯಾಲ ನಾಕು ಹೆಜ್ಜಿ ಹೆಚ್ಚು ಓಡಬೇಕಾಗತದ, ಅಷ್ಟೇ. ಡಿಕ್ಕಿ ಹೊಡಿಯೋದಕಿಂತ ಓಡೋದು ಚಲೋ." ಒಂದು ವಾಟಿಯನ್ನು ಇನ್ನೊಂದರ ಮೇಲೆ ಹಿಡಿದಳು. "ಕೆಳಗಿದ್ದವರಿಗೆ ಮೊದಲ ಜಾಗಾ. ಕೆಳಗಿದ್ದವರಿಗೆ ಮ್ಯಾಲಿನವರು ಕಾಣಂಗಿಲ್ಲ, ತಲಿ ಮ್ಯಾಲ ಬಟ್ಟಿ ಹರಡಿರತದ. ಮ್ಯಾಲಿದ್ದವರಿಗೆ ಕೆಳಗಿನವರು ಕಾಣತಾರ. ಅದಕ್ಕ ಕಾಳಜಿ ಮ್ಯಾಲಿನವರೇ ಮಾಡಬೇಕು."

"ಇಳದವರು?"

"ಇಳದವರು ಫೋಟೋ ತಕ್ಕೋತ ನಿಂದ್ರಬಾರದು. ಹೊಳ್ಳಿ ಮ್ಯಾಲ ನೋಡಬೇಕು, ಯಾರ ಬರಲತ್ತಾರ ಅಂತ. ಬಟ್ಟಿ ಬಗಲಾಗ ಹಿಡದು ಅಂಚಿಗೆ ಬರಬೇಕು."

"ಕಾಲು ಸಿಕ್ಕೊಂಡು ಬರಲಿಕ್ಕ ಆಗದಿದ್ರ?"

"ಹಂಗಿದ್ರ ಮ್ಯಾಲಿನವರು ಬ್ಯಾರೆ ಕಡಿ ಇಳೀಬೇಕು. ಯಾಕ ಆಜಿ?"

"ಏನಿಲ್ಲ, ಹಂಗೇ ಕೇಳಿದೆ."

ಅವಳು ವಾಟಿಗಳನ್ನು ಎತ್ತಿಡುತ್ತ ತನ್ನದೇ ಒಂದು ಸಂಗತಿ ಹೇಳಿದಳು. ಹೋದ ತಿಂಗಳು ಇಳಿಯುವಾಗ, ಗಾಳಿ ತಿರುಗಿತೆಂದು ಅವಳು ಕೊನೆಯ ಗಳಿಗೆಯಲ್ಲಿ ಅಡ್ಡ ಹೊರಳಿದಳಂತೆ. ಅವಳಿಗಿಂತ ಕೆಳಗೆ ಒಬ್ಬ ಮನುಷ್ಯ ನೆಟ್ಟಗೆ ಬರುತ್ತಿದ್ದ. ಅವಳನ್ನು ತಪ್ಪಿಸಲು ಹೋಗಿ ಅವನು ಉರುಳಿಬಿದ್ದ, ಕಾಲಿನ ಹರಡು ಉಳುಕಿತು. ಕುಂಟುತ್ತ ಬಂದು ಅವನೇ ಇವಳಿಗೆ, ನಾನು ನಿನ್ನ ದಾರಿಗೆ ಅಡ್ಡ ಬಂದೆ, ತಪ್ಪಾಯಿತು ಎಂದನಂತೆ. ಬೇರೆ ಯಾರೂ ನೋಡಿರಲಿಲ್ಲ. ಸಂಜೆ ಎಲ್ಲರೂ ಕೂಡಿ ಕುಳಿತಾಗ ಸುಪ್ರಿಯಾ ಎದ್ದು ನಿಂತು, ಚೂಕ ನನ್ನದು, ತಪ್ಪಿದವಳು ನಾನು ಎಂದಳು. ಒಂದು ವಾರ ಅವಳನ್ನು ವಿಮಾನ ಹತ್ತಗೊಡಲಿಲ್ಲ.

"ಯಾರೂ ನೋಡಿರಲಿಲ್ಲ ಅಂತಿ. ಅಂವಾ ತಾನೇ ತನ್ನದು ಅಂದಾನ. ಮತ್ತ ಯಾಕ ಹೇಳಲಿಕ್ಕ ಹೋದಿ?" ಎಂದೆ. ಇದು ನನ್ನ ಬಾಯಿಂದಲೇ ಬಂದ ಮಾತು.

"ಹೇಳದಿದ್ರ ಅಂವಾ ತನ್ನದೇ ಚೂಕ ಅಂತ ತಿಳಕೊಂಡಿರತಿದ್ದ, ಆಜಿ. ಅಂವಾ ಸರಿಯಾಗೇ ನೋಡಿದ್ದ. ನಾಳಿ ಮತ್ತ ಜಿಗಿಯೋ ಮುಂದ ಅಂವಗ ತನ್ನ ಕಣ್ಣಿನ ಮ್ಯಾಲೇ ವಿಶ್ವಾಸ ಇರತಿರಲಿಲ್ಲ. ಅದು ಹರಡು ಉಳುಕೋದಕಿಂತ ಕೆಟ್ಟದ್ದು."

ನಾನು ಶೇಂಗಾ ಬಿಡಿಸುತ್ತಿದ್ದೆ. ಕಾಳನ್ನು ಸಿಪ್ಪೆಯ ರಾಶಿಗೆ ಹಾಕತೊಡಗಿದೆ. ಕೊನೆಗೆ ಅವಳೇ ಬಂದು ಮೊರ ತೆಗೆದುಕೊಂಡು, "ಏನಾತು ಆಜಿ, ಚಹಾ ಮಾಡಲೇನ?" ಎಂದಳು.

ನನ್ನ ತವರು ನಿಲಂಗಾದ ಕಡೆ. ಊರ ಹೊರಗೆ ನಮ್ಮ ಹೊಲದ ಅಂಚಿನಲ್ಲಿ ಒಂದು ದೊಡ್ಡ ಬೇವಿನ ಮರ. ನಾಗರಪಂಚಮಿಗೆ ಅದರ ಎರಡು ಟೊಂಗೆಗೆ ಎರಡು ಜೋಕಾಲಿ ಕಟ್ಟುತ್ತಿದ್ದರು. ನಿಂತು ಜೀಕುವ ಜೋಕಾಲಿ. ಕೆಳಗಿನಿಂದ ಇಬ್ಬರು ನೂಕುವವರು. ಬೇರೆ ಊರುಗಳಲ್ಲಿ ಜೀಕಿ ಇಳಿಯುತ್ತಿದ್ದರು. ನಾವು ನಮ್ಮ ಊರಿನ ಹುಡುಗಿಯರು ಜೋಕಾಲಿ ಮುಂದೆ ಹೋಗಿ ಎತ್ತರಕ್ಕೇರಿದಾಗ ಕೈಬಿಟ್ಟು ಜಿಗಿಯುತ್ತಿದ್ದೆವು. ಜಿಗಿದು ಬೀಳಲಿಕ್ಕೆ ಮರದ ಮುಂದೆ ಗುದ್ದಲಿಯಿಂದ ಮಣ್ಣು ಸಡಿಲ ಮಾಡಿದ ಒಂದು ಮಡಿ. ಜೋಕಾಲಿ ಎರಡು, ಮಡಿ ಒಂದೇ. ಅದಕ್ಕೊಂದು ಕಟ್ಟುಪಾಡು ಇತ್ತು. ಜಿಗಿದು ಬಿದ್ದವಳು ಮಡಿಯಲ್ಲಿ ಇರುವ ತನಕ "ಇದ್ದೀನಿ, ತಡಿ" ಎಂದು ಕೂಗಬೇಕು. ಹೊರಗೆ ಬಂದ ಮೇಲೆ "ಬಿಟ್ಟೆ" ಎನ್ನಬೇಕು. "ಬಿಟ್ಟೆ" ಕೇಳಿಸದೆ ಇನ್ನೊಂದು ಜೋಕಾಲಿಯವಳು ಜಿಗಿಯುವಂತಿಲ್ಲ. ಈಗ ನೋಡಿದರೆ ಸುಪ್ರಿಯಾಳ ವಿಮಾನಪಟ್ಟಿಯವರಿಗಿಂತ ನಾವೇನು ಕಡಿಮೆ ಇರಲಿಲ್ಲ.

ಮಾಯವ್ವ ನನ್ನ ಓರಗೆಯವಳು. ಬೀರಪ್ಪನ ಒಕ್ಕಲು, ಕುರಿ ಕಾಯುವ ಮನೆ. ಅವರ ಕುರಿ ಗೊಬ್ಬರಕ್ಕೆಂದು ನಮ್ಮ ಹೊಲದಲ್ಲೇ ಕೂಡುತ್ತಿದ್ದವು. ಅವಳು ನನಗಿಂತ ಗಿಡ್ಡ, ನನಗಿಂತ ದೂರ ಜಿಗಿಯುವವಳು. ಆ ವರ್ಷ ನಮ್ಮಿಬ್ಬರಿಗೂ ಮದುವೆಯ ಮಾತು ನಡೆದಿತ್ತು. ಮುಂದಿನ ಪಂಚಮಿಗೆ ಯಾವ ಊರಲ್ಲಿರುತ್ತೇವೋ ಏನೋ. ಅವಳನ್ನು ನೋಡಲು ಲೋಹಾರಾದಿಂದ ದೀಪಾವಳಿಗೆ ಬರುವವರಿದ್ದರು.

ಎರಡು ದಿನ ಮಳೆ ಹಿಡಿದು ಅಂದು ಬಿಸಿಲು ಬಿದ್ದಿತ್ತು. ಎರೆಮಣ್ಣು ನಿಮಗೆ ಗೊತ್ತಿರಬೇಕು, ಹಸಿಯಾದರೆ ಹಿಡಿದ ಕಾಲು ಬಿಡುವುದಿಲ್ಲ. ಮಾಯವ್ವ ಜಿಗಿದಳು; ನಾನು ಮೊದಲು ಜಿಗಿದು ಬಿದ್ದ ಗುರುತಿಗಿಂತ ಒಂದು ಮೊಳ ಮುಂದೆ. ಬಿದ್ದಲ್ಲಿಯೇ ಅವಳ ಬಲಗಾಲು ಮೊಣಕಾಲಿನವರೆಗೆ ಹೂತಿತು. "ಇದ್ದೀನಿ, ತಡಿ," ಎಂದಳು. ಕೆಳಗಿನವರು ಹಾಡು ಹೇಳುತ್ತಿದ್ದರು, ನಗುತ್ತಿದ್ದರು, ಅವರಿಗೆ ಕೇಳಿಸಲಿಲ್ಲ. ಇನ್ನೊಂದು ಜೋಕಾಲಿಯ ಮೇಲಿದ್ದ ನನಗೆ ಕೇಳಿಸಿತು. ಅವಳು ಕಾಲು ಎಳೆದುಕೊಳ್ಳುತ್ತಿದ್ದದ್ದೂ ಕಾಣಿಸಿತು. ಜೋಕಾಲಿ ಎಂದೂ ಹೋಗದಷ್ಟು ಎತ್ತರ ಹೋಗಿತ್ತು. ಇನ್ನೊಂದು ಸಲ ಇಷ್ಟು ಹೋಗುತ್ತದೋ ಇಲ್ಲವೋ. ಅವಳನ್ನು ದಾಟಿ ಬೀಳುತ್ತೇನೆ ಅನಿಸಿತು. ಅವಳು ಮತ್ತೊಂದು ಸಲ, "ತಡಿ, ಇದ್ದೀನಿ," ಎಂದು ಕೂಗಿದಳು. ನಾನು ಕೈಬಿಟ್ಟೆ.

ದಾಟಲಿಲ್ಲ. ಅವಳ ತೊಡೆಯ ಮೇಲೆ ಬಿದ್ದೆ. ನನಗೆ ಒಂದು ತರಚು ಕೂಡ ಆಗಲಿಲ್ಲ.

ಹೊರಸಿನ ಮೇಲೆ ಮಲಗಿಸಿಕೊಂಡು ಜಳಕೋಟದ ಕಡೆಯ ಎಲುಬು ಕಟ್ಟುವವನಲ್ಲಿಗೆ ಒಯ್ದರು. ಬಿದಿರು ದಬ್ಬೆ ಇಟ್ಟು ಕಟ್ಟಿದ. ಕಾಲು ಕೂಡಿತು, ಎರಡು ಬೆರಳಷ್ಟು ಗಿಡ್ಡವಾಗಿ ಕೂಡಿತು. ಮಾಯವ್ವ ಮಲಗಿದಲ್ಲಿಂದಲೇ ಎಲ್ಲರಿಗೂ ಹೇಳಿದಳು, ನಾ ಕೂಗಿದ್ದೆ ಎಂದು. ಅವಳ ಅವ್ವ ನಮ್ಮ ಮನೆಗೆ ಬಂದು, ಪಡಸಾಲೆಯ ಕೆಳಗೆ ನಿಂತು, ನಮ್ಮಪ್ಪನ ಎದುರಿಗೆ ನನ್ನನ್ನು ಕೇಳಿದಳು, "ಅವ್ವಾ, ಆಕಿ ಕೂಗಿದ್ದು ನಿನಗ ಕೇಳಸ್ತೇನ?"

ನಾನು "ಇಲ್ಲ" ಎಂದೆ.

ಒಂದೇ ಮಾತು. ನಮ್ಮ ಮನೆಯ ಮಗಳು ಇಲ್ಲ ಎಂದ ಮೇಲೆ ಮತ್ತೆ ಕೇಳುವವರು ಯಾರು. ಲೋಹಾರಾದವರು ದೀಪಾವಳಿಗೆ ಬರಲಿಲ್ಲ. ಆಮೇಲೆ ಯಾರೂ ಬರಲಿಲ್ಲ. ಕುರಿಯ ಹಿಂದೆ ನಡೆಯಲಾಗದೆ ಮಾಯವ್ವ ತವರಿನಲ್ಲಿಯೇ ಉಣ್ಣೆ ನೂಲುತ್ತ ಉಳಿದಳು. ನಾನು ಉಮರ್ಗಾದ ಈ ಮನೆಗೆ ಬಂದೆ. ಮಕ್ಕಳಾದವು, ಹಬ್ಬಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ. ಪ್ರತಿ ಪಂಚಮಿಗೂ ಮಾಯವ್ವ ನೂಲುವ ಕದಿರು ಹಿಡಿದುಕೊಂಡು ಆ ಬೇವಿನ ಬುಡದಲ್ಲಿ ಕೂತಿರುತ್ತಿದ್ದಳು. ಯಾರೂ ಹೇಳದೆ ತಾನೇ ಹಿಡಿದ ಕಾವಲು. ಮಡಿಯಲ್ಲಿ ಒಂದು ಹುಡುಗಿ ಇದ್ದರೂ ಸಾಕು, "ತಡೀ, ಮಂದಿ ಅದಾರ," ಎಂದು ಊರೆಲ್ಲ ಕೇಳುವಂತೆ ಕೂಗುವಳು. ಒಂದು ವರ್ಷ ನನ್ನ ಮಗಳು ಮಡಿಯಲ್ಲಿದ್ದಾಗ ಮೇಲಿನವಳನ್ನು ಹಾಗೆ ತಡೆದಳು. ತಡೆದು ನನ್ನ ಮಗಳಿಗೆ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ: "ಬಾಯಿ ತೆರೆದು ಕೂಗಬೇಕು, ತಂಗಿ. ನನ್ನಂಗ ಸುಮ್ಮ ನಿಂದ್ರಬ್ಯಾಡ."

ಆಗಲೂ ನಾನು ಸುಮ್ಮನಿದ್ದೆ. ಮಗಳ ಲಂಗದ ಮಣ್ಣು ಒರೆಸಿ ಕರೆದುಕೊಂಡು ಬಂದೆ.

ಇದನ್ನೆಲ್ಲ ಸುಪ್ರಿಯಾಳಿಗೆ ಚಹಾ ಆರುವ ತನಕ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. "ಮಾಯವ್ವಾಜಿ ಅದಾರೇನ ಇನ್ನಾ?" ಎಂದಳು. ಇದ್ದಾಳೆ ಎಂದೆ. ಎದ್ದುಹೋಗಿ ಅಪ್ಪನ ಮೋಟಾರ್‌ಸೈಕಲ್ಲಿನ ಕೀಲಿ ತಂದಳು.

ಎಪ್ಪತ್ತು ದಾಟಿದವಳು ತಲೆಗೆ ಹೆಲ್ಮೆಟ್ ಹಾಕಿ, ಸೆರಗು ಸೊಂಟಕ್ಕೆ ಬಿಗಿದು ಹೋಗುವುದನ್ನು ನೀವು ನೋಡಬೇಕಿತ್ತು. ಮಾಯವ್ವ ನೋಡಿದಳು. ತನ್ನ ಅಣ್ಣನ ಮನೆಯ ಕಟ್ಟೆಯ ಮೇಲೆ ನೂಲುತ್ತ ಕೂತಿದ್ದಳು.

"ಬಾ ಗ. ಯಾವ ಫೌಜಿನವರು ಬಂದಾರಪ್ಪಾ ಅಂದೆ," ಎಂದಳು. ಸುಪ್ರಿಯಾಳನ್ನು ಮೇಲಿಂದ ಕೆಳಗೆ ನೋಡಿದಳು. "ಇಮಾನದಾಗಿಂದ ಜಿಗಿಯೋ ಮೊಮ್ಮಗಳು ಈಕೀನ? ನೀ ಜೋಕಾಲಿ ಮ್ಯಾಲಿಂದ, ಈಕಿ ಇಮಾನದಾಗಿಂದ. ವಂಶ ಬಿಡಲಿಲ್ಲ ಬಿಡು."

ಅವಳ ಪಕ್ಕದಲ್ಲಿ ಕೂತು, "ಮಾಯವ್ವ, ನೀ ಅವತ್ತ ಕೂಗಿದ್ದಿ," ಎಂದೆ.

ಕದಿರು ತಿರುಗಿ ತಿರುಗಿ ತಾನೇ ನಿಂತಿತು.

"ಏನಂದಿ?"

"ಎರಡ ಸಲ ಕೂಗಿದಿ. ನಾ ಕೇಳೀನಿ. ನಿನ್ನ ಕಾಲು ಸಿಕ್ಕಿದ್ದೂ ನೋಡೀನಿ. ನೋಡೇ ಜಿಗಿದೀನಿ. ನಿಮ್ಮವ್ವ ಕೇಳಿದಾಗ ಸುಳ್ಳು ಹೇಳೀನಿ."

ಅವಳು ನನ್ನ ಮುಖ ನೋಡಲಿಲ್ಲ. ಅಂಗಳದಲ್ಲಿ ಒಣಗುತ್ತಿದ್ದ ಉಣ್ಣೆಯನ್ನು ನೋಡುತ್ತಿದ್ದಳು. ಸಣ್ಣ ದನಿಯಲ್ಲಿ, "ಕೂಗಿದ್ನಾ?" ಎಂದಳು.

"ಹೂಂ."

"ಖರೇ?"

"ಖರೇ."

"ನಮ್ಮವ್ವ ಸಾಯೋ ತನಕ ಅಂದಳು, ಒಂದ ಸಲ ಬಾಯಿ ತೆರೆದಿದ್ರ ಸಾಕಿತ್ತು ಅಂತ. ಮೊದಲ ಮೊದಲ ನಾ ಕೂಗೀನಿ ಅಂತ ಜಗಳಾಡತಿದ್ದೆ. ಆಮ್ಯಾಲ ನನಗೇ ಅನಸ್ತು, ಕೂಗಬೇಕು ಅಂದುಕೊಂಡಿರಬೇಕು, ಕೂಗಿರಲಿಕ್ಕಿಲ್ಲ ಅಂತ." ಕದಿರನ್ನು ಕಟ್ಟೆಯ ಮೇಲಿಟ್ಟಳು. ಒಳಗೆ ಮುಖ ಮಾಡಿ ಅಣ್ಣನ ಹೆಂಡತಿಯನ್ನು ಕರೆದಳು. "ವೈನೀ, ಹೊರಗ ಬರ್ರಿ. ಈಕಿ ಒಂದು ಮಾತು ಹೇಳತಾಳ, ಕೇಳ್ರಿ." ಮತ್ತೆ ನನಗೆ, "ಹೇಳು. ಮೊದಲಿಂದ ಹೇಳು."

ಹೇಳಿದೆ. ಅಣ್ಣ ಹೊಲದಿಂದ ಬಂದ, ಅವನಿಗೂ ಹೇಳು ಎಂದಳು. ಪಕ್ಕದ ಮನೆಯ ಇಬ್ಬರು ಹೆಂಗಸರನ್ನು ಕೂಗಿ ಕರೆದು ಕೂಡಿಸಿದಳು, ಅವರಿಗೂ ಹೇಳಿದೆ. ಪ್ರತಿ ಸಲವೂ "ತಡಿ, ಇದ್ದೀನಿ" ಎಂಬಲ್ಲಿಗೆ ಬಂದಾಗ ಮಾಯವ್ವನ ತುಟಿಗಳೂ ನನ್ನ ಜೊತೆ ಅಲುಗುತ್ತಿದ್ದವು. ಕ್ಷಮಿಸು ಎಂದು ನಾನು ಕೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಕ್ಷಮಿಸಿದೆ ಎಂದು ಅವಳೂ ಅನ್ನಲಿಲ್ಲ. ಚಹಾ ಕುಡಿಸಿದಳು. ಹೊರಟಾಗ ಕೋಲೂರಿ ಮೋಟಾರ್‌ಸೈಕಲ್ಲಿನ ತನಕ ಬಂದು, "ಪಂಚಮಿಗೆ ಬಾ. ಮರದ ಬುಡದಾಗ ಊರ ಹೆಣಮಕ್ಕಳೆಲ್ಲಾ ಇರತಾರ. ಅಲ್ಲಿ ಹೇಳು," ಎಂದಳು. ಬರುತ್ತೇನೆ ಎಂದೆ.

ಪಂಚಮಿಗೆ ಇನ್ನೂ ದಿನಗಳಿವೆ. ನನ್ನ ವಯಸ್ಸಿನಲ್ಲಿ ದಿನಗಳ ಭರವಸೆ ಇಟ್ಟುಕೊಳ್ಳಬಾರದೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ಮೊಮ್ಮಗಳ ವಿಡಿಯೋ ಈಗಲೂ ತೋರಿಸುತ್ತೇನೆ, ಹಿಗ್ಗು ಕಡಿಮೆಯಾಗಿಲ್ಲ. ಮೊದಲೆಲ್ಲ ಪ್ಯಾರಾಶೂಟ್ ಬಿಚ್ಚಿಕೊಂಡ ಕೂಡಲೇ ಮೊಬೈಲ್ ಕಸಿದುಕೊಂಡು, ನೋಡಿದಿರಾ ಎಂದು ಬೀಗುತ್ತಿದ್ದೆ. ಈಗ ಕೊನೆಯ ತನಕ ಬಿಡುತ್ತೇನೆ. ಅವಳು ಇಳಿಯುತ್ತಾಳೆ, ನಾಲ್ಕು ಹೆಜ್ಜೆ ಓಡುತ್ತಾಳೆ, ಹಿಂದಿರುಗಿ ಆಕಾಶ ನೋಡುತ್ತಾಳೆ, ಬಟ್ಟೆ ಬಗಲಿಗೆ ಹಾಕಿಕೊಂಡು ಅಂಚಿಗೆ ಬರುತ್ತಾಳೆ. ಇಷ್ಟು ನೋಡಿದ ಮೇಲೆ ಹಾಲಿನವನು ನಿನ್ನೆ, "ಇಳಿಯೋದರಾಗ ನೋಡೋದೇನ ಅದ ಆಯಿ," ಎಂದ. ಕುಳಿತುಕೋ ಎಂದೆ. ಕ್ಯಾನು ಕೆಳಗಿಟ್ಟು ಕೂತ. ಬೇವಿನ ಮರದಿಂದ ಶುರುಮಾಡಿ ಅವನಿಗೂ ಹೇಳಿದೆ: ಮಾಯವ್ವ ಕೂಗಿದ್ದಳು, ನನಗೆ ಕೇಳಿಸಿತ್ತು.