ಪಗಡಿ ಕೇಳಿಕೊಂಡು ಪರೇಲಿಗೆ

“ಪಗಡಿ ಕುಠೆ ಆಹೆ?” ಎಂದು ಕೇಳಿದೆ. ಪಗಡಿ ಎಲ್ಲಿದೆ, ಅಷ್ಟೇ ನನ್ನ ಪ್ರಶ್ನೆ. ಪರೇಲಿನ ಆ ಚಾಳಿನ ಮೆಟ್ಟಿಲ ಮೇಲೆ ಕೂತಿದ್ದ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಎದ್ದು, ಮೇಲಿನ ಮಾಳಿಗೆಗೆ ಕರೆದೊಯ್ದು, ಒಂದು ಖೋಲಿಯ ಬೀಗ ತೆಗೆದ. ಗಾಳಿ ಚೆನ್ನಾಗಿ ಬರುತ್ತದೆ, ನಳ ಹತ್ತಿರ ಎಂದೆಲ್ಲ ಹೇಳಿ, ಎಷ್ಟು ಕೊಡುತ್ತೀರಿ ಎಂದ. ಆಟ ಹುಡುಕಿಕೊಂಡು ಬಂದವಳಿಗೆ ಇವನು ಕೋಣೆ ಏಕೆ ತೋರಿಸುತ್ತಾನೆ? ನಾನು ಪಿಳಿಪಿಳಿ ಕಣ್ಣು ಬಿಟ್ಟೆ.

ಪಕ್ಕದ ಬಾಗಿಲಲ್ಲಿ ನಿಂತಿದ್ದ ಮುದುಕಿಯೊಬ್ಬಳು ಬಿದ್ದು ಬಿದ್ದು ನಕ್ಕಳು. “ಯವ್ವಾ, ಅಂವಾ ಖೋಲಿ ಮಾರಾಕತ್ತಾನ, ನೀ ಆಟ ಕೇಳಾಕತ್ತೀ! ಈ ಊರಾಗ ಪಗಡಿ ಅಂದ್ರ ರೊಕ್ಕ.”

ಮನೆಯಾಚೆ ಕನ್ನಡ ಕೇಳಿ ತಿಂಗಳುಗಳೇ ಆಗಿದ್ದವು. ನಾಚಿಕೆಯಿಲ್ಲದೆ ಅಲ್ಲೇ ಗೊಳೋ ಎಂದು ಅತ್ತೆ.

ನಮ್ಮ ಗದಗಿನಲ್ಲಿ ಪಗಡೆಗೆ ಪಗಡಿ ಅನ್ನುವುದೇ ರೂಢಿ. ಮುಂಬಯಿಯಲ್ಲಿ ಪಗಡಿ ಎಂದರೆ, ಒಳಗಿದ್ದವರು ಎದ್ದು ಹೋಗಲೆಂದು ಹೊಸಬರು ಕೈಗೆ ತುರುಕುವ, ರಸೀದಿಯಿಲ್ಲದ ಹಣ. ಆಟಕ್ಕೆ ಇಲ್ಲಿ ಸಾರೀಪಾಟ ಎಂಬ ಬೇರೆಯೇ ಹೆಸರು. ಹಳೆಯ ಆಟಗಳ ಚರಿತ್ರೆ, ಅವು ಕಲಿಸುವ ಮೌಲ್ಯ, ಇದು ನನ್ನ ಸಂಶೋಧನೆ. ಗಿರಣಿ ಕೆಲಸಗಾರರ ಮನೆಗಳಲ್ಲಿ ಹುಡುಕು ಎಂದು ಗುರುಗಳು ಅಟ್ಟಿದ್ದರು. ಅಯ್ಯೋ, ಹುಡುಕಬೇಕಾಗಿದ್ದದ್ದು ನನಗೊಂದು ಸೂರು.

ಮಲಾಡಿನಲ್ಲಿ ನಮ್ಮನಿಯವರ ಅಣ್ಣನ ಅಡುಗೆಮನೆಯಲ್ಲಿ ನಮ್ಮ ಹಾಸಿಗೆ. ಊರಲ್ಲಿ ಅಡುಗೆಮನೆಗೆ ಮಡಿ; ಇಲ್ಲಿ ಅದೇ ಗಂಡ ಹೆಂಡಿರ ಕೋಣೆ, ಬೆಳಗಾಗುವುದರೊಳಗೆ ಸುತ್ತಿಡಬೇಕಾದ ಸಂಸಾರ. ಆ ಮಳೆಗಾಲದಲ್ಲೇ ಓರಗಿತ್ತಿ ಹೇಳಿಬಿಟ್ಟಳು: “ದೀಪಾವಳಿಗೆ ಮಗಳು ಬಾಣಂತನಕ್ಕ ಬರ್ತಾಳ. ಅಷ್ಟರಾಗ ನೀವು ನಿಮ್ಮ ದಾರಿ ನೋಡ್ಕೋರಿ.” ಖೋಲಿ ಸಿಗದಿದ್ದರೆ ನಮ್ಮನಿಯವರು ಖಾನಾವಳಿಯ ಜಗಲಿಗೆ, ನಾನು ಗದಗಿಗೆ. ಓದಿಗೂ ಸಂಸಾರಕ್ಕೂ ಎಳ್ಳುನೀರು. ಪರೇಲಿನವನು ತೋರಿಸಿದ ಆ ಖೋಲಿ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ವಡಾಲದಲ್ಲಿ ನೋಡಿದೆವು, ಇನ್ನೂ ಎಲ್ಲೆಲ್ಲೋ ಅಲೆದೆವು. “ಮದ್ರಾಸಿಗಳಿಗೆ ಕೊಡುವುದಿಲ್ಲ.” ನಾನು ಮದ್ರಾಸನ್ನು ಕಂಡವಳೇ ಅಲ್ಲ! ಆ ವರ್ಷಗಳಲ್ಲಿ ಈ ಊರಿಗೆ ದಕ್ಷಿಣದವರೆಂದರೆ ಅಷ್ಟು ಸಿಟ್ಟು.

ಹಾಗೆ ಬಾಗಿಲುಗಳೆಲ್ಲ ಮುಚ್ಚಿದಾಗ ನಾನು ಲೋಕಲ್ ಹಿಡಿದು ಹುಸೇನಬಿಯ ಹತ್ತಿರ ಬರುತ್ತಿದ್ದೆ. ಅದೇ, ಬಾಗಿಲಲ್ಲಿ ನಿಂತು ನಕ್ಕವಳು. ತಾಳಿಕೋಟಿ ಕಡೆಯವಳು, ಗಿರಣಿಯಲ್ಲಿದ್ದ ಗಂಡ ತೀರಿಕೊಂಡು ಒಬ್ಬಳೇ ಉಳಿದವಳು. ನಾನು ಖಾಲಾ ಎನ್ನುತ್ತಿದ್ದೆ, ಅಂದರೆ ಚಿಕ್ಕಮ್ಮ. ಅವಳ ನೆಲದ ಶಹಾಬಾದ್ ಕಲ್ಲಿನ ಮೇಲೆ ಮೊಳೆಯಿಂದ ಗೀರಿದ ಪಗಡೆಯ ಮನೆಗಳಿದ್ದವು. ಹಿಟ್ಟಿನ ಡಬ್ಬಿ ಸರಿಸಿ ಕವಡೆ ಉರುಳಿಸುತ್ತಿದ್ದಳು. “ಮಂದೀದು ಒಂದರೆ ಕಾಯಿ ಹೊಡೀಲಾರದ ಒಳಮನಿಗೆ ಹೋಗಾಂಗಿಲ್ಲವಾ. ಬರಕೋ.” ನಾನು ಬರೆದುಕೊಂಡೆ. ಇದರಲ್ಲಿ ಮೌಲ್ಯ ಏನು ಎಂದು ಗುರುಗಳು ಕೇಳಿದಾಗ, ಧೈರ್ಯ ಎಂದೆ. ಅವರಿಗೆ ಬಹಳ ಹಿಡಿಸಿತು.

ದಸರೆ ಕಳೆದ ಮೇಲೆ ನಮ್ಮನಿಯವರು ಮುಖ ಅರಳಿಸಿಕೊಂಡು ಬಂದರು. ಪರೇಲಿನಲ್ಲಿ ಖೋಲಿ ಸಿಕ್ಕಿದೆ, ಪಗಡಿ ಕೊಟ್ಟಾಗಿದೆ, ನನ್ನ ಚಿನ್ನದ ಪಾಟ್ಲಿ ಬಳೆ ಮಾರಿದ ಹಣವೆಲ್ಲ ಅದಕ್ಕೇ ಹೋಯಿತು. ನೋಡಲು ಹೋದೆವು. ಅದೇ ಚಾಳು, ಅದೇ ಮೆಟ್ಟಿಲು. ಅವರು ಹುಸೇನಬಿಯ ಬಾಗಿಲ ಮುಂದೆ ನಿಂತರು.

ಖೋಲಿ ಅವಳ ಮೈದುನನ ಮಗನ ಹೆಸರಿನಲ್ಲಿತ್ತಂತೆ. ಅವನು ಮಾರಲು ನಿಂತಿದ್ದ. ಅವಳು ಗಂಟು ಕಟ್ಟಿಕೊಂಡು ಕೂತಿದ್ದಳು.

“ಖಾಲಾ, ನಾ ಒಲ್ಲೆ. ರೊಕ್ಕ ತಿರುಗಿ ತಗೋತೀವಿ,” ಎಂದೆ.

“ಹುಚ್ಚಿ! ನೀ ಒಲ್ಲೆ ಅಂದ್ರ ಅಂವಾ ಬ್ಯಾರೇದವರಿಗೆ ಕೊಡ್ತಾನ. ನಾ ಎದ್ದು ಹೋಗೂದು ತಪ್ಪೂದಿಲ್ಲ. ಅಂವಗ ನಿನ್ನ ಹೆಸರು ಹೇಳಿದಾಕಿನ ನಾನು.”

“ನೀವಽ ಹೇಳಿದ್ರ್ಯಾ?”

“ಹ್ಞೂಂ ಮತ್ತ. ಯಾರರೆ ನನ್ನ ಕಾಯಿ ಹೊಡಿಯೂದು ಖರೇನ ಐತಿ. ನಮ್ಮ ಮಾತು ಬಲ್ಲಾಕಿ ಹೊಡೀಲಿ. ಹೊಡೀಲಾರದ ಒಳಗ ಹೋಗಾಂಗಿಲ್ಲ, ಬರಕೊಂಡೀ ಇಲ್ಲೋ?”

ತಾಳಿಕೋಟಿಯಲ್ಲಿ ಅವಳಿಗೆ ಅಂತ ಯಾರೂ ಉಳಿದಿರಲಿಲ್ಲ. ತಂಗಿಯ ಮಗಳೊಬ್ಬಳು, ಅವಳೂ ಗಂಡನ ಮನೆಯಲ್ಲಿ. ಆದರೂ ಅಲ್ಲಿಗೇ ಎಂದು, ಕವಡೆಗಳನ್ನು ಸೆರಗಿಗೆ ಕಟ್ಟಿಕೊಂಡು ಇಳಿದು ಹೋದಳು. ಗೀರುಗಳನ್ನು ಒಯ್ಯಲಾಗಲಿಲ್ಲ.

ಈಗ ಆ ಗೀರುಗಳ ಮೇಲೇ ನಮ್ಮ ಹಾಸಿಗೆ. ಬೆಳಗ್ಗೆ ಗಿರಣಿಯ ಭೋಂಗಾ, ಎಂದರೆ ಕೂಗು, ಎಬ್ಬಿಸುತ್ತದೆ. ಗದಗಿಗೆ ಹೋದರೆ ‘ಮುಂಬೈಯಾಕಿ ಬಂದಳು’ ಎಂದು ಚಾಪೆ ಹಾಸುತ್ತಾರೆ. ಇಲ್ಲಿ ನಳದ ಸಾಲಿನಲ್ಲಿ ನಾನಿನ್ನೂ ಮದ್ರಾಸಿಯೇ. ಆಟದಲ್ಲಿ ನಡುಮನೆ ಸೇರಿದ ಕಾಯಿಗೆ ಹಣ್ಣಾಯಿತು ಎನ್ನುತ್ತೇವೆ. ನಾನು ಸೇರಿದ್ದೇನೆ, ಹಣ್ಣಾಗಿಲ್ಲ. ನೆಲ ಒರೆಸುವಾಗ ಆ ನಡುಮನೆ ಬಂದರೆ ಕೈ ತಾನಾಗಿ ನಿಲ್ಲುತ್ತದೆ.

ಊರಿನಿಂದ ಬಂದವರು ಖೋಲಿಯನ್ನೆಲ್ಲ ಕಣ್ಣಲ್ಲಿ ಅಳೆದು, “ಪಗಡಿ ಏನು ಕೊಟ್ರಿ?” ಎಂದು ಕೇಳುತ್ತಾರೆ. ನಮ್ಮನಿಯವರು ಏನೋ ಲೆಕ್ಕ ಹೇಳುತ್ತಾರೆ. ನಾನು ಚಹಾಕ್ಕಿಡಲು ಏಳುತ್ತೇನೆ. ಖಾಲಾನ್ನ ಕೊಟ್ಟಿವಿ ಎಂದು ಹೇಗೆ ಹೇಳಲಿ?