ನಮ್ಮ ಮನೆಯ ಒಂದು ಓಟು

ನನಗೆ ಮೊದಲಿನಿಂದಲೂ ಅನುಮಾನ ಜಾಸ್ತಿ. ಡೈರಿಯಲ್ಲಿ ನಮ್ಮ ಹಾಲು ಅಳೆಯುವಾಗಲೂ ಎರಡು ಸಲ ಬಗ್ಗಿ ನೋಡುವವನು ನಾನು. ಅಂಥವನ ಹೆಂಡತಿ ಕೂಟಗಲ್ ಕಡೆಯ ನಮ್ಮೂರಿನಿಂದ ಗ್ರಾಮ ಪಂಚಾಯಿತಿಗೆ ನಿಂತಳು. ಮಹಿಳಾ ಮೀಸಲು ಸೀಟು, ಕುಕ್ಕರ್ ಗುರುತು.

ನಮ್ಮಲ್ಲಿ ಓಟನ್ನು ಆಳಿನ ಲೆಕ್ಕದಲ್ಲಿ ಎಣಿಸುವುದಿಲ್ಲ, ಮನೆ ಲೆಕ್ಕದಲ್ಲಿ ಎಣಿಸುತ್ತೇವೆ. ಮತದಾರರ ಪಟ್ಟಿ ಹಿಡಿದು ಒಂದೊಂದು ಮನೆಗೂ ಪೆನ್ಸಿಲಿನಲ್ಲಿ ಟಿಕ್ ಹಾಕುತ್ತ ಬಂದೆ. ಸ್ವಂತ ಅಣ್ಣನ ಹೆಸರು ಬಂದಾಗ ಕೈ ನಿಂತಿತು. ನಾನು ಕುರಿ ಹೊಡೆದುಕೊಂಡು ಬರುವಾಗ ಅವನು ಎದುರಾಳಿಯ ಜಗಲಿಯಲ್ಲಿ ಕೂತು ಟೀ ಕುಡಿಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ. ನನಗೆ ಅಷ್ಟೇ ಸಾಕಾಯಿತು.

ಮತದಾನದ ಹಿಂದಿನ ದಿನ ಅವನನ್ನು ಊಟಕ್ಕೆ ಕರೆದು, ದೇವರ ದೀಪ ಮುಟ್ಟಿ ಆಣೆ ಮಾಡು ಎಂದೆ.

"ಏನ್ಲಾ, ಒಡಹುಟ್ಟಿದೋನ ಮ್ಯಾಲೇ ಅನುಮಾನ್ವಾ? ಒಂದ್ ಲೋಟ ಟೀ ಕುಡುದ್ರೆ ಓಟು ಕೊಟ್ಬುಟ್ಟಂಗಾ?" ಎಂದ. ದೀಪವನ್ನೇನೋ ಮುಟ್ಟಿದ. ತಟ್ಟೆಯಲ್ಲಿದ್ದ ಮುದ್ದೆಯನ್ನು ಹಾಗೇ ಬಿಟ್ಟು ಎದ್ದು ಹೋದ. ಇಷ್ಟು ಕೋಪ ಬಂತೆಂದರೆ ಒಳಗೆ ಏನೋ ಇದೆ ಎಂದುಕೊಂಡೆ.

ಅನುಮಾನ ಅಲ್ಲಿಗೇ ನಿಲ್ಲಲಿಲ್ಲ. ಪಂಚಾಯಿತಿ ಚುನಾವಣೆಯಲ್ಲಿ ಚೀಟಿಯ ಮೇಲೆ ಮೊಹರು ಒತ್ತಿ, ಮಡಚಿ ಪೆಟ್ಟಿಗೆಗೆ ಹಾಕಬೇಕು. ಪೆಟ್ಟಿಗೆ ರಾಮನಗರ ತಲುಪುವಷ್ಟರಲ್ಲಿ ಯಾರಾದರೂ ಚೀಟಿ ಬದಲಿಸಿಬಿಟ್ಟರೆ? ಎಣಿಸುವಾಗ ನನ್ನದನ್ನಾದರೂ ಕಂಡುಹಿಡಿಯಬೇಕೆಂದು, ಕುಕ್ಕರ್ ಮೇಲೆ ಮೊಹರು ಒತ್ತಿದ ಮೇಲೆ ಜೇಬಿನ ಪೆನ್ನು ತೆಗೆದು ಮೂಲೆಯಲ್ಲಿ ಸಣ್ಣದಾಗಿ ಸಹಿ ಹಾಕಿದೆ. ಇಂಥ ಉಪಾಯ ಊರಲ್ಲಿ ಇನ್ಯಾರಿಗೂ ಹೊಳೆದಿರಲಾರದು ಎಂದು ಬೀಗಿದೆ.

ಎಣಿಕೆ ರಾಮನಗರದ ಒಂದು ಕಾಲೇಜಿನಲ್ಲಿ. ಏಜೆಂಟಾಗಿ ಮೇಜಿನ ಮುಂದೆ ನಾನೇ ಕೂತಿದ್ದೆ, ಹೆಂಡತಿ ಹೊರಗಿದ್ದಳು. ಅಧಿಕಾರಿ ಒಂದು ಚೀಟಿಯನ್ನು ಎತ್ತಿ ತೋರಿಸಿದರು.

"ಕುಕ್ಕರ್‌ಗೇ ಒತ್ತಿದ್ದಾರೆ, ಆದ್ರೆ ಸಹಿ ಹಾಕ್ಬಿಟ್ಟಿದ್ದಾರೆ. ಓಟು ಯಾರದು ಅಂತ ಗೊತ್ತಾಗೋ ಹಾಗಿದ್ರೆ ಅದು ನಡೆಯಲ್ಲ" ಎಂದು ಪಕ್ಕಕ್ಕಿಟ್ಟರು.

ಸಹಿ ನನ್ನದೇ. ಜೇಬಿನಲ್ಲಿದ್ದ ಪೆನ್ನನ್ನು ಮೆಲ್ಲಗೆ ಒಳಕ್ಕೆ ತಳ್ಳಿದೆ. ಎಣಿಕೆ ಮುಗಿದಾಗ ಇಬ್ಬರಿಗೂ ಸಮ ಸಮ ಓಟು. ಹೆಂಡತಿಯನ್ನು ಒಳಗೆ ಕರೆಸಿ, ಅವಳ ಎದುರಿಗೇ ಲಾಟರಿ ಎತ್ತಿದರು. ಎದುರಾಳಿಯ ಹೆಸರು ಬಂತು.

ಗಾಡಿಯಲ್ಲಿ ಹಿಂದೆ ಕೂತವಳು ಊರು ಹತ್ತಿರವಾದಾಗ ಬಿಕ್ಕುತ್ತಾ, "ಇನ್ನೊಂದೇ ಒಂದು ಓಟು ಬಿದ್ದಿದ್ರೆ ಗೆದ್ಬುಡ್ತಿದ್ದೆ ಕಣ್ರೀ. ನಿಮ್ಮಣ್ಣನೇ ಕೈ ಕೊಟ್ಬುಟ್ರು, ಅಲ್ವಾ?" ಎಂದಳು.

ಅಣ್ಣ ಅವನ ಮನೆ ಬಾಗಿಲಲ್ಲೇ ಕಾಯುತ್ತಾ ನಿಂತಿದ್ದ. ಏನಾಯಿತು ಎಂದು ಕೈಸನ್ನೆಯಲ್ಲಿ ಕೇಳಿದ. ನಾನು ಗಾಡಿ ನಿಲ್ಲಿಸಲಿಲ್ಲ.

"ಇನ್ಯಾರು ಮತ್ತೆ?" ಎಂದೆ ಹೆಂಡತಿಗೆ.