ಸರ್ವೋತ್ತಮಣ್ಣನ ಮೀನಿನ ಸೆಕೆ

ನೌಪಾಡಾದ ಹೋಟೆಲೊಂದರಲ್ಲಿ ದೋಸೆ ಹುಯ್ಯುವ ಸರ್ವೋತ್ತಮಣ್ಣ ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನವರು. ಊರು ಕಾಪು ಕಡೆ. ಮದುವೆಗೆ ಮುಂಚಿನಿಂದಲೂ ಕಾವಲಿಯ ಮುಂದೆ ನಿಂತ ಮನುಷ್ಯ. ಸಂಜೆ ಲೋಕಲ್ ಇಳಿದು ಮನೆಗೆ ಬಂದವರೇ ಫ್ಯಾನಿನ ಅಡಿ ಬರೀ ನೆಲದ ಮೇಲೆ ಮಲಗಿಬಿಡುತ್ತಿದ್ದರು.

ಹೋಟೆಲನ್ನು ಹೊಸದು ಮಾಡಿಸುವಾಗ ಧಣಿಗಳು ಗಲ್ಲಾಪೆಟ್ಟಿಗೆಯ ಪಕ್ಕದ ಮೀನಿನ ಟ್ಯಾಂಕ್ ತೆಗೆಸಿದರು. ಸರ್ವೋತ್ತಮಣ್ಣ ಅದನ್ನು ಕೇಳಿ ಪಡೆದು ಟೆಂಪೋದಲ್ಲಿ ಮನೆಗೆ ತಂದರು. ಅದರಲ್ಲಿ ಸಮುದ್ರವನ್ನೇ ಇಡಬೇಕೆಂದು ಅವರ ಆಸೆ. ಉಲ್ಹಾಸನಗರದಲ್ಲಿ ಮೀನಿನ ಅಂಗಡಿ ಇಟ್ಟಿರುವ ಹಿತೇಶ್ ಉಪ್ಪು, ಕಲ್ಲು, ಹೂವಿನ ಹಾಗೆ ಅರಳುವ ಮೆದು ಹವಳ, ಬಿಳಿ ಪಟ್ಟೆಯ ಕಿತ್ತಳೆ ಮೀನಿನ ಜೋಡಿ ಎಲ್ಲ ಹೊಂದಿಸಿಕೊಟ್ಟ. ನೀರು ತಂಪು ಮಾಡುವ ಹಳೆಯ ಚಿಲ್ಲರ್ ಒಂದನ್ನೂ ಕೊಟ್ಟ. ಇಪ್ಪತ್ತೈದು, ಇಪ್ಪತ್ತಾರು ಡಿಗ್ರಿ ಇರಲಿ, ಹಗಲೂ ರಾತ್ರಿಯೂ ಒಂದೇ ಥರ ಇರಲಿ ಎಂದು ಹೇಳಿದ.

ಆಗ ಮೇ ತಿಂಗಳು. ಮನೆಗೆ ಬಂದ ಸರ್ವೋತ್ತಮಣ್ಣನಿಗೆ ಇಪ್ಪತ್ತಾರರ ತಂಪು ಏನೇನೂ ಸಾಲದು ಅನ್ನಿಸಿತು. ಸಮುದ್ರದ ಅಡಿಯಲ್ಲಿ ಎಷ್ಟು ತಂಪಿರಬೇಡ ಎಂದು ಇಪ್ಪತ್ತೊಂದಕ್ಕೆ ಇಳಿಸಿದರು. ಟ್ಯಾಂಕಿನ ಕಾವನ್ನೆಲ್ಲ ಚಿಲ್ಲರ್ ತಂದು ಹಾಲ್‌ಗೆ ಊದಿತು. ಹೆಂಡತಿ ಪ್ರಫುಲ್ಲಾ, ಕಾಲೇಜಿಗೆ ಹೋಗುವ ಮಗಳು ನಿಶ್ಮಿತಾ ಇಬ್ಬರೂ ಊಟದ ತಟ್ಟೆ ಹಿಡಿದು ಗಾಳಿ ಬರುವ ಹೊರಗಿನ ಗ್ಯಾಲರಿ ಸೇರಿದರು. ಇತ್ತ ಮೀನುಗಳು ಮೂಲೆ ಹಿಡಿದು ತಿನ್ನುವುದನ್ನೇ ಬಿಟ್ಟವು, ಹವಳ ಮುಷ್ಟಿ ಕಟ್ಟಿದಂತೆ ಮುಚ್ಚಿಕೊಂಡಿತು. ಪಾಪ, ಇನ್ನೂ ಸೆಕೆಯಾಗುತ್ತಿದೆ ಎಂದುಕೊಂಡು ಸರ್ವೋತ್ತಮಣ್ಣ ಮತ್ತೆ ಗುಂಡಿ ಒತ್ತಲು ಹೋದರು.

"ಸೆಕೆ ಆಗೂದು ಮೀನಿಗಾ, ನಿಮಗಾ?" ಪ್ರಫುಲ್ಲಾ ಕೇಳಿದರು.

ಸರ್ವೋತ್ತಮಣ್ಣ ಗುಂಡಿಯಿಂದ ಕೈ ತೆಗೆದರು. ಆಮೇಲೆ ಮೆಲ್ಲಗೆ ನಗುತ್ತಾ, "ನನಗೇ ಮಾರಾಯ್ತಿ" ಎಂದರು.

ಹಿತೇಶನಿಗೆ ಫೋನ್ ಹೋಯಿತು. ಒಮ್ಮೆಲೇ ಏರಿಸಬೇಡಿ, ದಿನಕ್ಕೊಂದು ಡಿಗ್ರಿ ಸಾಕು ಎಂದ. ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಇಟ್ಟರೆ ಚಿಲ್ಲರ್‌ಗೂ ಕೆಲಸ ಕಡಿಮೆ ಎಂದ. ಆವಿಯಾಗಿ ಇಳಿದಷ್ಟು ಶುದ್ಧ ಸಿಹಿನೀರು ಸೇರಿಸುವ ಕೆಲಸವನ್ನು ಪ್ರಫುಲ್ಲಾ ತಾವೇ ವಹಿಸಿಕೊಂಡರು. ಇಪ್ಪತ್ತಾರಕ್ಕೆ ಬಂದ ಮೇಲೆ ನೀರು ಅಲ್ಲೇ ನಿಂತಿತು. ಹವಳ ಎಸಳೆಸಳಾಗಿ ಬಿಚ್ಚಿಕೊಂಡಿತು, ಮೀನುಗಳು ಗಾಜಿನ ಹತ್ತಿರ ಬಂದು ಊಟಕ್ಕೆ ಕಾಯತೊಡಗಿದವು. ಹಾಲ್‌ನಲ್ಲಿ ಮನುಷ್ಯರೂ ಕೂರುವಂತಾಯಿತು.

ಪ್ರಫುಲ್ಲಾ ಅಷ್ಟಕ್ಕೆ ಬಿಡಲಿಲ್ಲ. ಮೀನಿಗೆ ಫ್ಯಾನ್ ಇಟ್ಟವರು ಹೋಟೆಲಿನಲ್ಲಿ ನಿಮಗೊಂದು ಯಾಕೆ ಕೇಳಬಾರದು ಎಂದು ಪಟ್ಟು ಹಿಡಿದರು. ಇಷ್ಟು ವರ್ಷಗಳಲ್ಲಿ ಸರ್ವೋತ್ತಮಣ್ಣನಿಗೆ ಅದು ತೋಚಿಯೇ ಇರಲಿಲ್ಲ. ಸಂಕೋಚದಿಂದಲೇ ಧಣಿಗಳ ಕಿವಿಗೆ ಹಾಕಿದರು. ಮೊದಲೇ ಹೇಳಬಾರದಿತ್ತಾ ಎಂದು ಬೈದ ಧಣಿಗಳು ಅದೇ ವಾರ ಕಾವಲಿಯ ಮೇಲೆ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿಸಿದರು. ಈಗ ಸರ್ವೋತ್ತಮಣ್ಣ ಮನೆಗೆ ಬಂದರೆ ಮಲಗುವುದಿಲ್ಲ. ಚಹಾ ಹಿಡಿದು ಎಲ್ಲರ ಜೊತೆ ಹರಟುತ್ತಾರೆ.

ಮಳೆಗಾಲದ ಒಂದು ಬೆಳಿಗ್ಗೆ ನಿಶ್ಮಿತಾ, "ಪಪ್ಪಾ, ಅಂಡೇ ದಿಯೇ ಹೈಂ" ಎಂದು ಕರೆದಳು. ಕಲ್ಲಿನ ಮಗ್ಗುಲಲ್ಲಿ ರವೆ ಅಂಟಿಸಿದಂತೆ ಕಿತ್ತಳೆ ಮೊಟ್ಟೆಗಳು. ಸರ್ವೋತ್ತಮಣ್ಣ ಮನೆಯಲ್ಲಿ ಹೆರಿಗೆಯಾಗಿದೆ ಎಂದು ಹೋಟೆಲಿಗೆ ರಜೆ ಹೇಳಿದರು. ಪ್ರಫುಲ್ಲಾ ಶೀರಾ ಮಾಡಿ ಬಿಲ್ಡಿಂಗಿಗೆಲ್ಲ ಹಂಚಿದರು. ಸಂಭ್ರಮದಲ್ಲಿ ಲೆಕ್ಕ ತಪ್ಪಿ ನಮ್ಮ ಮನೆಗೆ ಎರಡು ಸಲ ಬಂತು.